ಗಂಡು ಮೀನಿನ ಮೋರೆಯ ಗುಳ್ಳೆಗಳು ಸಿಡುಬಲ್ಲವೆಂಬ ಬಗ್ಗೆ

ಸಂಖ್ಯೆ: ಮೀ.ಮೋ.ಗು. 17/1938
ಮೊಕ್ಕಾಂ: ಆದವಾನಿ

ವಿಷಯ: ಬೆದೆಗಾಲದಲ್ಲಿ ಗಂಡು ಮೀನಿನ ಮೋರೆಯ ಮೇಲೆ ಏಳುವ ಗುಳ್ಳೆಗಳು, ಹಾಗೂ ಉರುಕುಂದಮ್ಮಳ ಜಪ್ತಾದ ಬುಟ್ಟಿ.

ಉಲ್ಲೇಖ: ಮದ್ರಾಸಿನ ಮೀನು ತಜ್ಞರ ಪತ್ರ, ಸದರಿ ಉರುಕುಂದಮ್ಮಳ ಬಾಯಿಮಾತಿನ ಅರ್ಜಿ.

ತುಂಗಭದ್ರೆಗೆ ಹೊಸ ನೀರು ಬಂದ ವಾರ, ಸಂತೆಯಲ್ಲಿ ಮೀನು ಮಾರಲು ಕುಳಿತಿದ್ದ ಉರುಕುಂದಮ್ಮಳ ಬುಟ್ಟಿಯೊಳಗಿನ ಕೆಲವು ಮೀನುಗಳ ಮೋರೆಯ ಮೇಲೆ ಬಿಳಿ ಗುಳ್ಳೆಗಳಿದ್ದುದನ್ನು ನೈರ್ಮಲ್ಯ ಜವಾನ ಬಜಾರಪ್ಪನು ಕಂಡು, ಮೀನುಗಳಿಗೆ ಅಮ್ಮ ಬಂದಿದ್ದಾಳೆಂದು ತೀರ್ಮಾನಿಸಿ, ಬುಟ್ಟಿಗೆ ಬೇವಿನ ಸೊಪ್ಪು ಕಟ್ಟಿ ಜಪ್ತು ಮಾಡಿರುತ್ತಾನೆ. ಇದು ರೋಗವಲ್ಲ, ಬೆದೆಗಾಲದಲ್ಲಿ ಗಂಡು ಮೀನಿನ ಚರ್ಮವೇ ಅಲ್ಲಲ್ಲಿ ಗಟ್ಟಿಯಾಗಿ ಉಬ್ಬಿ ಹೀಗಾಗುತ್ತದೆ, ಕಾಲ ಕಳೆದರೆ ತಾನೇ ಹೋಗುತ್ತದೆ ಎಂದು ತಜ್ಞರು ಆಮೇಲೆ ಬರೆದಿದ್ದಾರೆ. ತಪ್ಪು ಮಾಡುವ ಪದ್ಧತಿ ಈ ಇಲಾಖೆಯಲ್ಲಿ ಇಲ್ಲವಾದ ಕಾರಣ, ಸಂಬಂಧಪಟ್ಟವರೆಲ್ಲರಿಗೂ ಈ ಮೂಲಕ ಸೂಚಿಸಲಾಗಿರುವುದೇನೆಂದರೆ:

1. ಗುಳ್ಳೆಯುಳ್ಳ ಗಂಡು ಮೀನನ್ನು ಇನ್ನು ಮುಂದೆ ರೋಗಿಯೆಂದು ಭಾವಿಸದೆ ಮದುಮಗನೆಂದು ಭಾವಿಸತಕ್ಕದ್ದು. ಬಲೆಗೆ ಬಿದ್ದಾಗ ಅವನು ಮದುವೆಗೆ ಹೋಗುತ್ತಿದ್ದನೋ, ಮುಗಿಸಿ ಬರುತ್ತಿದ್ದನೋ ಎಂಬುದನ್ನು ಬೆಸ್ತರು ತಿಳಿಸತಕ್ಕದ್ದು.

2. ಗುಳ್ಳೆಯಿಲ್ಲದ ಹೆಣ್ಣು ಮೀನುಗಳು ದೇವಿ (ಸಿಡುಬಿನ ಚುಚ್ಚುಮದ್ದು) ಹಾಕಿಸಿಕೊಂಡಿವೆ ಎಂದು ಬಜಾರಪ್ಪನು ವರದಿಯಲ್ಲಿ ಬರೆದಿರುವುದನ್ನು ಹೊಡೆದುಹಾಕತಕ್ಕದ್ದಲ್ಲ. ಕಾಗದ ಕೊಳಕಾಗುತ್ತದೆ.

3. ನದಿಯ ಆಚೆ ದಡ ನಿಜಾಮರ ಸೀಮೆಯಾದುದರಿಂದ, ಅಲ್ಲಿ ಗುಳ್ಳೆ ಎದ್ದು ಇಲ್ಲಿಗೆ ಈಜಿ ಬರುವ ಮೋರೆಗಳ ಹೊಣೆ ಈ ಕಚೇರಿಯದಲ್ಲ. ಅಂಥ ಮೀನುಗಳು ನಡುನೀರಿನಲ್ಲಿ ನಿಂತು ತಮ್ಮ ಸೀಮೆ ಯಾವುದೆಂದು ರುಜುವಾತುಪಡಿಸತಕ್ಕದ್ದು.

4. ಮೊಡವೆಯುಳ್ಳ ಗುಮಾಸ್ತರು ಮೀನಿನ ತಪಾಸಣೆಗೆ ಹೋಗಕೂಡದು. ಯಾರನ್ನು ಯಾರು ಪರೀಕ್ಷಿಸುತ್ತಿದ್ದಾರೆಂಬ ಗೊಂದಲ ಸಂತೆಯಲ್ಲಿ ಉಂಟಾಗಬಾರದು.

5. ಉರುಕುಂದಮ್ಮಳ ಹೇಳಿಕೆ ಹೀಗಿದೆ: “ಅಮ್ಮ ಬಂದಿದ್ರ ಮೀನು ಮುಟ್ಟಿದ ನನಗ ಮೊದ್ಲ ಬರಬೇಕಿತ್ತಲ್ರಿ. ನನ್ನ ಬುಟ್ಟಿ ನನಗ ಕೊಡ್ರಿ ಸಾಮಿ, ಹೊತ್ತೇರಿದ್ರ ಕೆಡತಾವ. ಇವು ಮಾರಿದ್ರನ ನಮ್ಮ ಮನ್ಯಾಗ ಒಲಿ ಹತ್ತತೈತಿ.” ಇದರಲ್ಲಿ ಮೊದಲ ವಾಕ್ಯ ವಾದ, ಉಳಿದುದು ಅಳು ಎಂದು ವಿಂಗಡಿಸಿ, ಅಳುವನ್ನು ಬೇರೆ ಕಡತಕ್ಕೆ ವರ್ಗಾಯಿಸಲಾಗಿದೆ.

6. ಆದರೂ ಮೀನು ಕೆಡುತ್ತದೆಂಬ ಆಕೆಯ ಆತಂಕ ನ್ಯಾಯವಾದುದೇ. ಆದಕಾರಣ ಜಪ್ತಾದ ಸಂಜೆಯೇ ಮೂವರು ಅಧಿಕಾರಿಗಳ ಮನೆಗಳಲ್ಲಿ ಹುಣಸೆಹುಳಿ, ಒಣಮೆಣಸಿನಕಾಯಿ ಹಾಕಿ ಪರೀಕ್ಷೆಯನ್ನು ಪೂರೈಸಲಾಯಿತು. ತಿಂದ ಯಾರ ಮೈಮೇಲೂ ಗುಳ್ಳೆ ಏಳಲಿಲ್ಲ. ಹೀಗಾಗಿ ಉರುಕುಂದಮ್ಮ ನಿರ್ದೋಷಿ ಎಂದು ಸಾರಲಾಗಿದೆ.

(ಸಹಿ, ಓದಲಾಗದು)
ಮೇಲಧಿಕಾರಿಗಳ ಪರವಾಗಿ

ಪ್ರತಿಗಳು:
ಮದ್ರಾಸಿನ ತಜ್ಞರಿಗೆ, ಇನ್ನು ಮುಂದೆ ಸಂತೆಗೆ ಮೊದಲೇ ಬರೆಯಬೇಕೆಂದು ಕೋರಿ.
ಬಜಾರಪ್ಪನಿಗೆ, ಜಾಗರೂಕತೆಯನ್ನು ಮೆಚ್ಚಿ.
ಉರುಕುಂದಮ್ಮಳಿಗೆ, ತೊಳೆದ ಖಾಲಿ ಬುಟ್ಟಿಯ ಸಹಿತ. ಒಂದೇ ಪರೀಕ್ಷೆ ಸಾಲದೆಂದು ಅಧಿಕಾರಿಗಳ ಮನೆಯವರು ಅಭಿಪ್ರಾಯಪಟ್ಟಿರುವುದರಿಂದ, ಮುಂದಿನ ಸಂತೆಗೆ ಬುಟ್ಟಿ ತುಂಬಿಸಿಕೊಂಡು ತಪ್ಪದೆ ಹಾಜರಾಗತಕ್ಕದ್ದು.