ಮೂರನೆಯ ಸಾಲಿನಲ್ಲಿ ಬೀಳುವ ಮನುಷ್ಯ

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಮೊಣಕಾಲು ನೋವು. ನನಗೆ ನಗೆಪಾಟಲಾಗುವ ಪ್ರಸಂಗಗಳು. ಔಷಧ ಇಲ್ಲ, ವರ್ಷಕ್ಕೆ ನಾಲ್ಕಾರು ಸಲ ಕಾಣಿಸಿಕೊಳ್ಳುತ್ತವೆ.

ಬೈಲಹೊಂಗಲದಲ್ಲಿ ನನ್ನದೊಂದು ಅಂಗಡಿ. ಬೋರ್‌ವೆಲ್ ಮೋಟಾರಿನ ಸುಟ್ಟ ತಂತಿ ಬಿಚ್ಚಿ ಹೊಸ ತಂತಿ ಸುತ್ತಿ ಕೊಡುವುದು ಉದ್ಯೋಗ, ಬಂದವರನ್ನು ಬಕರಾ ಮಾಡುವುದು ಹವ್ಯಾಸ. ಮೂವತ್ತು ವರ್ಷ ಎರಡನ್ನೂ ನಿಷ್ಠೆಯಿಂದ ಮಾಡಿದ್ದರ ಫಲವಾಗಿ ಈಗ ನಾನು "ಮಳಿ ಬರಾಕತ್ತೈತಿ" ಅಂದರೂ ಎದುರಿಗಿದ್ದವ ಹೊರಗೆ ಕೈ ಚಾಚಿ ನೋಡಿಯೇ ಕೊಡೆ ಬಿಚ್ಚುತ್ತಾನೆ. ಮುಂದೆ ಬರೆದದ್ದೆಲ್ಲ ಖರೆ. ಅಲ್ಲಲ್ಲಿ ಒಗ್ಗರಣೆ ಹಾಕಿದ್ದೇನೆ, ಎಲ್ಲೆಲ್ಲಿ ಅಂತ ನನಗೂ ಈಗ ನೆನಪಿಲ್ಲ.

ಕನ್ಯಾ ನೋಡಲು ಹೋದದ್ದು

ಇಪ್ಪತ್ತಾರು ವರ್ಷದ ಹಿಂದೆ ಸವದತ್ತಿಗೆ ಕನ್ಯಾ ನೋಡಲು ಹೋಗಿದ್ದೆವು. ಹುಡುಗಿ ಅವಲಕ್ಕಿಯ ತಾಟು ಇಟ್ಟು ಕುಳಿತವಳು ಒಮ್ಮೆಯೂ ಮುಖ ಎತ್ತಿರಲಿಲ್ಲ. ಆಕೆಯ ತಾಯಿ ಕೇಳಿದರು: "ವರಗ ಏನರ ಹವ್ಯಾಸ ಅದಾವೇನ್ರಿ?"

ಮಂದಿಯನ್ನು ಬಕರಾ ಮಾಡ್ತೇನಿ ಅಂತ ಹೇಳಲಾದೀತೇ? ಬಾಯಿಗೆ ಬಂದದ್ದು ಹೇಳಿದೆ: "ಗಿಟಾರ್ ಬಾರಸ್ತೇನ್ರಿ. ಧಾರವಾಡದಾಗ ಕಾಲೇಜ್ ಕಲಿಯೂಮುಂದ ನಮ್ದು ನಾಲ್ಕು ಮಂದಿ ಬ್ಯಾಂಡ್ ಇತ್ತು."

ಹುಡುಗಿ ಮುಖ ಎತ್ತಿದಳು. ಲಗ್ನ ಆಯಿತು.

ಅಲ್ಲಿಯವರೆಗೆ ನಾನು ಗಿಟಾರ್ ಕಂಡದ್ದು ಅಂಗಡಿಯ ಗಾಜಿನ ಹಿಂದೆ. ಧಾರವಾಡಕ್ಕೆ ಹೋಗಿದ್ದು ಒಂದೇ ಸಲ, ದವಡೆ ಹಲ್ಲು ಕೀಳಿಸಲು.

ಆಮೇಲೆ ಸವದತ್ತಿಗೆ ಹೋದಾಗಲೆಲ್ಲ ಅತ್ತೆಯದು ಅದೇ ಮಾತು: "ಅಳಿಯಂದ್ರ, ಗಿಟಾರ್ ಯಾವಾಗ ಕೇಳಸ್ತೀರಿ?" ಒಂದು ವರ್ಷ ತಂತಿ ಹರಿದಿತ್ತು. ಒಂದು ವರ್ಷ ಬೆರಳಿಗೆ ಉಗುರುಸುತ್ತು. ಇನ್ನೊಂದು ವರ್ಷ ಏನೂ ತೋಚದೆ ಬ್ಯಾಂಡಿನವರಲ್ಲಿ ಒಬ್ಬನನ್ನು ಸಾಯಿಸಿಬಿಟ್ಟೆ. ಅತ್ತೆ ಪಾಪ, ಆ ದಿನ ಹೋಳಿಗೆ ಮಾಡಬೇಕೆಂದಿದ್ದವರು ಸುಮ್ಮನೆ ಅನ್ನ-ಸಾರು ಮಾಡಿದರು. ಆ ಗೆಳೆಯನ ಸಾವಿಗೆ ನಾನು ಖರೇನೇ ಅತ್ತದ್ದು ಆವಾಗ.

ಹೋದ ವರ್ಷ ಅತ್ತೆಗೆ ಎಂಬತ್ತು ತುಂಬಿತು. ಹೆಂಡತಿ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಅಂದಳು: "ನಮ್ಮವ್ವ ಹೋಗೂದ್ರಾಗ ಒಂದು ಹಾಡು ಬಾರಿಸಿಬಿಡ್ರಿ. ನೀವು ಹೇಳಿದ ಸಾವಿರ ಸುಳ್ಳಿನಾಗ ನಾ ಲಗ್ನಾ ಆಗಿದ್ದು ಅದೊಂದಕ್ಕ."

ಮರುದಿನ ಗಿಟಾರ್ ತಂದೆ.

ಎಡಗೈ ಶೈಲಿ

ಐವತ್ತೆರಡರ ವಯಸ್ಸಿನಲ್ಲಿ ಕಲಿಸುವವರು ಬೈಲಹೊಂಗಲದಲ್ಲಿ ಎಲ್ಲಿ ಸಿಗಬೇಕು? ಆನ್‌ಲೈನ್ ಪಾಠಕ್ಕೆ ಸೇರಿದೆ. ಪರದೆಯ ಮೇಲೆ ಗುರುಗಳು ಕೂತರೆ ನಾನು ಕನ್ನಡಿಯ ಮುಂದೆ ಗಡ್ಡ ಹೆರೆಯುವವನ ಹಾಗೆ ಎದುರಿಗೆ ಕೂತು, ಅವರ ಕೈ ಯಾವ ಕಡೆ ಕಂಡಿತೋ ಆ ಕಡೆಯ ನನ್ನ ಕೈ ಇಟ್ಟೆ. ಮೂರು ವಾರ ಬೆರಳು ಸುಲಿದವು. ಕಡೆಗೆ ಹೆಂಡತಿ ಚಹಾ ತಂದವಳು ಇಬ್ಬರನ್ನೂ ನೋಡಿ, "ಅವರು ಬಲಗೈಲೆ ಮೀಟ್ತಾರ, ನೀವ್ಯಾಕ ಎಡಗೈಲೆ?" ಅಂದಳು.

ಪರದೆಯ ಎಡಕ್ಕೆ ಕಾಣುವುದು ಗುರುಗಳ ಬಲಗೈ ಅಂತ ಹೊಳೆದದ್ದು ಆವಾಗ. ಆದರೂ ಸೋಲುವುದುಂಟೇ? "ಇದು ಎಡಗೈ ಶೈಲಿ" ಅಂದೆ.

"ಹಂಗಾರ ಚಹಾನೂ ಎಡಗೈಲೆ ಕುಡೀರಿ" ಅಂದು ಹೋದಳು.

ಮೂರು ಎಚ್‌ಪಿ ತಂತಿ

ಪಾಠದ ಜೊತೆಗೆ ಮೊಬೈಲಿನಲ್ಲಿ ಕಲಿಯುವವರದೊಂದು ಗುಂಪು ಇತ್ತು. ನಲವತ್ತು ಮಂದಿ, ನಾನಾ ಊರಿನವರು. ಪ್ರತಿ ಭಾನುವಾರ ಎಲ್ಲರೂ ತಾವು ಬಾರಿಸಿದ ವಿಡಿಯೋ ಹಾಕಬೇಕು. ಗುಂಪಿನ ನಿಯಮ ಒಂದೇ: ಯಾರೂ ಯಾರನ್ನೂ ನಿರುತ್ಸಾಹಗೊಳಿಸಬಾರದು. ಎಷ್ಟು ಒಳ್ಳೆಯ ಜನ ಅಂದರೆ, ಒಬ್ಬನ ವಿಡಿಯೋದಲ್ಲಿ ಗಿಟಾರ್ ಕೈಜಾರಿ ಬಿದ್ದರೂ "ಸೂಪರ್ ಎನರ್ಜಿ ಸರ್" ಅಂದಿದ್ದರು.

ಒಂದು ಶನಿವಾರ ನನ್ನ ಗಿಟಾರಿನ ತೆಳ್ಳನೆಯ ತಂತಿ ಹರಿಯಿತು. ಈ ಊರಲ್ಲಿ ಆ ತಂತಿ ಸಿಗುವುದಿಲ್ಲ. ಆದರೆ ನನ್ನ ಅಂಗಡಿಯಲ್ಲಿ ತಂತಿಗೇನು ಬರ? ಬೋರ್‌ವೆಲ್ ನೀರಿನೊಳಗೆ ಮುಳುಗಿಸುವ ಮೂರು ಎಚ್‌ಪಿ ಮೋಟಾರಿಗೆ ಸುತ್ತುವ ತಾಮ್ರದ ತಂತಿ ಎರಡು ಮೊಳ ಕತ್ತರಿಸಿ ಬಿಗಿದೆ. ಮೀಟಿದರೆ ತಗಡಿನ ಡಬ್ಬಿಯೊಳಗೆ ಹಲ್ಲಿ ಓಡಾಡಿದ ಸದ್ದು. ಅದನ್ನೇ ವಿಡಿಯೋ ಮಾಡಿ ಹಾಕಿದೆ.

"ಏನು ಟೋನ್ ಸರ್! ಹಳೇ ಕಾಲದ ರೆಕಾರ್ಡ್ ಕೇಳಿದಂಗಾತು. ಯಾವ ಕಂಪನಿ ತಂತಿ?" ಅಂತ ಒಬ್ಬರು ಕೇಳಿದರು.

ನಾನು ಸುಳ್ಳು ಹೇಳಲಿಲ್ಲ, ದೇವರಾಣೆ. "ಮೂರು ಎಚ್‌ಪಿ ಸಬ್‌ಮರ್ಸಿಬಲ್" ಅಂತ ಬರೆದೆ.

ಸಂಜೆಯೊಳಗೆ ಎರಡು ಮೆಸೇಜು: "ನಮಗೂ ಒಂದೊಂದು ಸೆಟ್ ಕಳಸ್ತೀರೇನ್ರಿ?"

ಸದ್ದಿಲ್ಲದ ಮೆಚ್ಚುಗೆ

ಅವತ್ತಿನಿಂದ ತಲೆಯಲ್ಲಿ ಹುಳ ಹೊಕ್ಕಿತು. ಮುಂದಿನ ಭಾನುವಾರ ಧ್ವನಿ ಪೂರಾ ತೆಗೆದು ಎರಡು ನಿಮಿಷದ ಮೂಕ ವಿಡಿಯೋ ಹಾಕಿದೆ. ನಾನು ತಲೆ ಅಲ್ಲಾಡಿಸುತ್ತಿದ್ದೇನೆ, ಕೈ ಆಡುತ್ತಿದೆ, ಸದ್ದು ಸೊನ್ನೆ.

ಒಂದು ನಿಮಿಷ ಆಗುವುದರೊಳಗೆ ಚಪ್ಪಾಳೆ. "ಮನಸ್ಸಿಗೆ ಮುಟ್ಟಿತು ಸರ್." "ಕಣ್ಣು ಮುಚ್ಚಿ ಕೇಳಿದೆ." ಒಬ್ಬರಂತೂ "ಲಯ ಹೋದ ವಾರಕ್ಕಿಂತ ಸುಧಾರಿಸಿದೆ" ಅಂದರು. ಅವರ ಮಾತಿನಲ್ಲಿ ಸತ್ಯವಿತ್ತು ಅನ್ನಿ.

ಜನರನ್ನು ಬಕರಾ ಮಾಡಿದಾಗ ನನಗೆ ನಗು ಬರುವುದು ರೂಢಿ. ಅವತ್ತು ಬರಲಿಲ್ಲ. ಆರು ತಿಂಗಳಿಂದ ನಾನು ಹಾಕಿದ್ದನ್ನು ಇವರಲ್ಲಿ ಯಾರೂ ಕೇಳಿಯೇ ಇಲ್ಲ ಅಂತಾಯಿತಲ್ಲ. ಬಕರಾ ಯಾರು ಅಂತ ಲೆಕ್ಕ ಹಾಕುತ್ತ ಕೂತೆ.

ನಲವತ್ತು ಮಂದಿಯಲ್ಲಿ ಒಬ್ಬರು ಮಾತ್ರ ಖರೆ ಬರೆದರು. ಕಟಕೋಳದ ಶಾಲೆಯಲ್ಲಿ ಪಾಠ ಹೇಳಿ ರಿಟೈರಾದ ಸಾಲಿ ಅಕ್ಕೋರು. "ಧ್ವನಿ ಬರವಲ್ದು. ಬಂದಿದ್ರೂ ಚಲೋ ಇರ್ತಿರ್ಲಿಲ್ಲ, ತೋರುಬೆರಳು ನಿದ್ದಿ ಹೊಡ್ಯಾಕತ್ತೈತಿ."

ಹೊಟ್ಟೆಯೊಳಗಿನ ಗಿರಾಕಿ

ಈ ನಡುವೆ ಹೆಂಡತಿಯ ತಮ್ಮ ಮನೆಗೆ ಬಂದ. ಯರಗಟ್ಟಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಅವನದು, ಎಲ್ಲದರಲ್ಲೂ ಸಂಶಯ. "ಮಾಮಾ, ಮತ್ತ ಗಿಟಾರ್ ಹಿಡದೀರಂತ? ಬಾರಸ್ರಿ ನೋಡೂಣು" ಅಂದ.

ನನಗೆ ಆಗಿನ್ನೂ ನೆಟ್ಟಗೆ ಬರುತ್ತಿರಲಿಲ್ಲ. ಚಟ ಎಲ್ಲಿ ಹೋದೀತು? ಒಳಕೋಣೆಗೆ ಹೋಗಿ ತಂತಿ ಸಡಿಲಿಸಿ, ಲಿಂಬೆಹಣ್ಣಿನ ಗಾತ್ರದ ಬ್ಲೂಟೂತ್ ಸ್ಪೀಕರನ್ನು ಗಿಟಾರಿನ ಹೊಟ್ಟೆಯೊಳಗೆ ಇಳಿಸಿದೆ. ಕಿಸೆಯಲ್ಲಿ ಮೊಬೈಲು, ಮೊಬೈಲಿನಲ್ಲಿ ಯಾರೋ ದೊಡ್ಡವರು ಬಾರಿಸಿದ್ದು. ನಾನು ಕಣ್ಣು ಮುಚ್ಚಿ ಸುಮ್ಮನೆ ಬೆರಳಾಡಿಸಿದೆ. ಅವನು ಬಾಯಿ ತೆರೆದು ಕೂತ.

ಅಷ್ಟರಲ್ಲಿ ಫೋನ್ ಬಂತು. ಗಾಬರಿಯಲ್ಲಿ ಬಂದ್ ಮಾಡಲು ಹೋಗಿ ಎತ್ತಿಬಿಟ್ಟೆ. ಗಿಟಾರಿನ ಹೊಟ್ಟೆಯೊಳಗಿಂದ ದೇಗಾಂವದ ಗಿರಾಕಿ ಗುಡುಗಿದ: "ಏ ಯಣ್ಣಾ, ನನ್ನ ಮೋಟಾರ ಯಾವಾಗ ಕೊಡ್ತಿ? ನಾಳಿ, ನಾಡ್ದು ಅಂತ ಇನ್ನೆಷ್ಟ ದಿನ ಆಟ ಹಚ್ಚಿ?"

ಹೆಂಡತಿಯ ತಮ್ಮ ನಿಧಾನಕ್ಕೆ ಎದ್ದು ಚಪ್ಪಲಿ ಮೆಟ್ಟಿದ. "ಮಾಮಾ, ಭಾಳ ಚಂದ ಬಾರಸ್ತೀರಿ. ಆದ್ರ ಮೊದ್ಲ ಗಿಟಾರಿಂದು ಮೋಟಾರ ಕೊಟ್ಟು ಕಳಸ್ರಿ."

ಆ ಸುದ್ದಿ ಅವನಿಗಿಂತ ಮುಂಚೆ ಸವದತ್ತಿ ಮುಟ್ಟಿತು.

ಬಿತ್ತು

ಆಮೇಲೆ ಆಟ ಬಿಟ್ಟೆ. ಇದು ಖರೆ, ಇದಕ್ಕೆ ಒಗ್ಗರಣೆ ಇಲ್ಲ.

ಹೆಂಡತಿ ನಮ್ಮ ಮಗಳ ತೊಟ್ಟಿಲು ತೂಗುವಾಗ ಅನ್ನುತ್ತಿದ್ದ ಜೋಗುಳ ಒಂದಿದೆ. ಅವಳ ತಾಯಿ ಕಲಿಸಿದ್ದು, ನಾಲ್ಕೇ ಸಾಲು. ಅದನ್ನು ಹಿಡಿದೆ. ಮೂರನೆಯ ಸಾಲಿನಲ್ಲಿ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಿ ಒತ್ತಬೇಕು. ನನ್ನ ಬೆರಳು ಅಲ್ಲಿ ಪ್ರತಿ ಸಲ ಜಾರಿ "ಟಪ್" ಅಂತ ಸತ್ತ ಸದ್ದು. ಅಡುಗೆಮನೆಯಿಂದ ಹೆಂಡತಿ: "ಬಿತ್ತು."

ಮುಂಜಾನೆ ಅಂಗಡಿಗೆ ಹೋಗುವ ಮುಂಚೆ ಹತ್ತು ಸಲ, ಬಂದ ಮೇಲೆ ಹತ್ತು ಸಲ. "ಬಿತ್ತು." "ಬಿತ್ತು." ಕೆಲವು ದಿನ ನಾನು ಬೀಳುವುದಕ್ಕಿಂತ ಮುಂಚೆಯೇ ಅಂದುಬಿಡುತ್ತಿದ್ದಳು.

ಗುಂಪಿಗೆ ಅದನ್ನೇ ಹಾಕಿದೆ. ಮೂವತ್ತೆಂಟು ಚಪ್ಪಾಳೆ. ತಾಮ್ರದ ತಂತಿಯಿಂದಲೇ ನನ್ನ ಉದ್ಯೋಗ ಕಂಡುಹಿಡಿದಿದ್ದ ಅಕ್ಕೋರ ಧ್ವನಿ ಮಾತ್ರ ಬೇರೆ: "ಮೋಟಾರ ಸುತ್ತೂಮುಂದ ಹಿಂಗ ಅವಸರ ಮಾಡ್ತೀರೇನ್ರಿ? ಒಂದೊಂದ ಸುತ್ತು ಎಣಿಸ್ತೀರೋ ಇಲ್ಲೋ? ಹಂಗ ಎಣಿಸಿ ಒತ್ರಿ."

ಆ ಮಾತು ತಲೆಗೆ ಹೋಯಿತು. ಎಣಿಸಿ ಒತ್ತಿದೆ. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ಹೆಂಡತಿ ಸಂತೆಗೆ ಹೋದಾಗ, ಮೂರನೆಯ ಸಾಲು ನೆಟ್ಟಗೆ ದಾಟಿತು. ಮತ್ತೆ ಬಾರಿಸಿದೆ, ಮತ್ತೆ ದಾಟಿತು. ಹೆಂಡತಿ ಬಂದ ಮೇಲೆ ಹೇಳಲಿಲ್ಲ, ಅವಳೆದುರು ಅದನ್ನು ಮತ್ತೆ ಬಾರಿಸಲೂ ಇಲ್ಲ. ಎರಡು ದಿನಕ್ಕೆ ಸವದತ್ತಿಗೆ ಹೋಗುವುದಿತ್ತು, ಅಲ್ಲೇ ಕೇಳಲಿ ಅಂತ ಇಟ್ಟುಕೊಂಡೆ. ನನ್ನ ಜೀವನದ ದೊಡ್ಡ ತಪ್ಪು ಅದು.

ಸವದತ್ತಿಯ ಕಚೇರಿ

ಅತ್ತೆಯ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ್ದರು. ನೋಡಲು ಎಲ್ಲರೂ ಸೇರಿದ್ದೆವು. ಅತ್ತೆ ಕಪ್ಪು ಕನ್ನಡಕದೊಳಗಿಂದ ನನ್ನ ಕೈಯಲ್ಲಿನ ಗಿಟಾರ್ ಚೀಲ ನೋಡಿ, "ಈಗ ಕಣ್ಣ ಬಂದಾವು. ಬಾರಿಸೂದು ಕಾಣತೈತಿ. ಕುಂತ್ಕೊರಿ" ಅಂದರು.

ಕೂತೆ. ಬಾರಿಸಿದೆ. ಒಂದು ಸಾಲು, ಎರಡು ಸಾಲು. ಅತ್ತೆಯ ತುಟಿ ಅಲ್ಲಾಡತೊಡಗಿತು, ಜೋಗುಳ ಗುರುತು ಹಿಡಿದಿದ್ದರು. ಮೂರನೆಯ ಸಾಲು. ಎಣಿಸಿದೆ, ಒತ್ತಿದೆ. ಆರೂ ತಂತಿ ಗಂಟೆಯ ಹಾಗೆ ನುಡಿದವು. ನಾಲ್ಕನೆಯದೂ ಮುಗಿಯಿತು.

ಕಣ್ಣೊರೆಸಿಕೊಳ್ಳುವವರು ಯಾರ್ಯಾರು ಅಂತ ಸುತ್ತ ನೋಡಿದೆ.

ಹೆಂಡತಿಯ ತಮ್ಮ ಎದ್ದು ಬಂದು ಗಿಟಾರ್ ಕಸಿದುಕೊಂಡ. ತಲೆಕೆಳಗು ಮಾಡಿ ಜಾಡಿಸಿದ. ಏನೂ ಬೀಳಲಿಲ್ಲ. ತಂತಿಗಳ ನಡುವೆ ಬೆರಳು ತೂರಿಸಿ ತಡಕಾಡಿದ. "ಕಿಸೆ ತೋರಸ್ರಿ ಮಾಮಾ." ಮೊಬೈಲ್ ಸಿಕ್ಕಿತು. "ನೋಡ್ರಿ!" ಅಂತ ಎಲ್ಲರಿಗೂ ಎತ್ತಿ ತೋರಿಸಿದ, ಈ ಕಾಲದಲ್ಲಿ ಕಿಸೆಯಲ್ಲಿ ಮೊಬೈಲ್ ಇರುವುದು ನನ್ನೊಬ್ಬನಿಗೇ ಅನ್ನುವ ಹಾಗೆ.

"ಅತ್ಯಾರ, ಖರೇನ ನಾನ ಬಾರಿಸಿದೆ" ಅಂದೆ. ನನ್ನ ಬಾಯಿಂದ ಬಂದ ಆ 'ಖರೇನ' ನನಗೇ ಸುಳ್ಳು ಅನಿಸಿತು.

ಅತ್ತೆ ಮಗಳ ಕಡೆ ತಿರುಗಿದರು. "ನೀ ಹೇಳ. ದಿನಾ ಕೇಳಾಕಿ ನೀನು."

ನಾನು ಹೆಂಡತಿಯ ಮುಖ ನೋಡಿದೆ. ಕನ್ಯಾ ನೋಡಲು ಹೋದ ದಿನದ ಹಾಗೆ ಮುಖ ತಗ್ಗಿಸಿ ಕೂತಿದ್ದಳು. ಕಡೆಗೆ ಅಂದಳು: "ಇದು ಇವರದಲ್ಲಬೇ. ದಿನಾ ಇಪ್ಪತ್ತ ಸಲ ಕೇಳಾಕತ್ತೇನಿ. ಮೂರನೇ ಸಾಲಿನಾಗ ಇವರು ಬೀಳಾಕಬೇಕು. ಬೀಳಲಿಲ್ಲ."

ತೀರ್ಪಾಯಿತು. ನನ್ನ ಮೊಬೈಲನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿಟ್ಟು ಮುಚ್ಚಳ ಹಾಕಿ, ಮುಚ್ಚಳದ ಮೇಲೆ ಹೆಂಡತಿಯ ತಮ್ಮ ಕೈಯಿಟ್ಟು ಕೂತ. "ಹಾಂ, ಈಗ ಬಾರಸ್ರಿ."

ಬಾರಿಸಿದೆ. ಕಣ್ಣು ಹಿಟ್ಟಿನ ಡಬ್ಬಿಯ ಮೇಲೆ, ಎಣಿಸುವುದು ಮರೆತೆ. ಒಂದು ಸಾಲು. ಎರಡು. ಮೂರನೆಯದರಲ್ಲಿ ಬೆರಳು ಜಾರಿ "ಟಪ್".

ಮನೆಯೇ ಹಾರಿಹೋಗುವಂಥ ಚಪ್ಪಾಳೆ! ಹೆಂಡತಿ ಎದ್ದು ನಿಂತು, ಕಣ್ಣು ತುಂಬಿಕೊಂಡು, ಎಲ್ಲರಿಗೂ ಹೇಳಿದಳು: "ಬಿತ್ತು! ಇದು ನಮ್ಮವರದು!" ಐವತ್ತೆರಡು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಖರೆ ಚಪ್ಪಾಳೆ ಅದು, ಸಿಕ್ಕಿದ್ದು ತಪ್ಪಿದ್ದಕ್ಕೆ. ಮೊದಲ ಸಲ ಬಾರಿಸಿದ್ದು ಯಾರು ಅಂತ ಆ ಮನೆಯಲ್ಲಿ ಇಂದಿಗೂ ಯಾರಿಗೂ ಗೊತ್ತಿಲ್ಲ.

ಅತ್ತೆ ನನ್ನ ಕೈ ಹಿಡಿದುಕೊಂಡರು. "ಇಪ್ಪತ್ತಾರ ವರ್ಷ ನಿಮ್ಮ ಮ್ಯಾಲೆ ಸಂಶಯ ಇತ್ತು ಅಳಿಯಂದ್ರ. ಇವತ್ತ ಹೋತು. ನೀವು ಹೇಳಿದ್ದು ಎಲ್ಲಾ ಖರೇ. ಅಂದಂಗ, ಧಾರವಾಡದ ಬ್ಯಾಂಡಿನಾಗ ಒಬ್ಬಾಂವ ತೀರಿಕೊಂಡ ಅಂದಿದ್ರಿ. ಉಳದ ಇಬ್ಬರ್ನ ಮುಂದಿನ ತಿಂಗಳ ಕರಕೊಂಡ ಬರ್ರಿ, ಹೋಳಿಗಿ ಮಾಡ್ತೇನಿ."

ಊರಿಗೆ ಬಂದವನೇ ಗುಂಪಿನಲ್ಲಿ ಎಲ್ಲ ಬಿಚ್ಚಿ ಬರೆದೆ. ಒಂದು ದಿನದ ಮಟ್ಟಿಗೆ ನನ್ನ ಹಳೆಯ ಗೆಳೆಯರಾಗಿ ಸವದತ್ತಿಗೆ ಇಬ್ಬರು ಬೇಕು, ದಯವಿಟ್ಟು ಬನ್ನಿ ಅಂತ ಕೈ ಮುಗಿದೆ. ಮೂವತ್ತೆಂಟು ಮಂದಿ ಚಪ್ಪಾಳೆ ಹಾಕಿದರು. "ಸೂಪರ್ ಸರ್." "ಮನಸ್ಸಿಗೆ ಮುಟ್ಟಿತು." ಒಬ್ಬರು "ಟೋನ್ ಚೆನ್ನಾಗಿದೆ" ಅಂದರು. ಬರುತ್ತೇನೆ ಅಂತ ಯಾರೂ ಅನ್ನಲಿಲ್ಲ.

ಕಡೆಗೆ ಕಟಕೋಳದಿಂದ ಅಕ್ಕೋರ ಧ್ವನಿ ಬಂತು: "ನಾ ಒಬ್ಬಾಕಿ ಬರತೇನಿ. ಆದ್ರ ಮೊದ್ಲ ಒಂದು ಹೇಳ್ರಿ, ಮೂರನೇ ಸಾಲು ಬೀಳಿಸೋದು ನೀವೋ, ನಾನೋ?"