ಪಟ್ಟಿಗೆ ಸಿಕ್ಕ ಒಬ್ಬ ವೃದ್ಧ

ಚಿಂತೆ ಮಾಡಲು ಕಾರಣವೇ ಬೇಕೆಂದು ನಾನು ಎಂದೂ ಹಟ ಹಿಡಿದವನಲ್ಲ. ನಲವತ್ತೇಳು ತುಂಬಿದ ದಿನ ಕನ್ನಡಿಯ ಮುಂದೆ ನಿಂತು, ಮುಪ್ಪಿನಲ್ಲಿ ನನಗೆ ಬಿಸಿನೀರು ಕಾಯಿಸಿಕೊಡುವವರು ಯಾರು ಎಂದು ಯೋಚಿಸುತ್ತ ಅರ್ಧ ಮೀಸೆ ಬೋಳಿಸಿಕೊಂಡಿದ್ದೆ. "ಈಗ ಕಾಯಿಸಿ ಕೊಡ್ತಿರೋಳು ಯಾರು ಅಂತ ಮೊದಲು ಯೋಚನೆ ಮಾಡಿ" ಎಂದಿದ್ದಳು ನನ್ನ ಹೆಂಡತಿ. ಇಂಥವನ ಕೈಗೇ ಚಾಮರಾಜನಗರದ ನಮ್ಮ ಕಚೇರಿಯಲ್ಲಿ ಒಂದು ನಮೂನೆ ಕೊಟ್ಟರು. ಊರಿನವರು ತಮ್ಮ ವೃದ್ಧರನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆಂದು ಅಳೆದು ಅಂಕ ಹಾಕಬೇಕು. ರಾಗಿ ಅಳೆಯಲು ಕೊಳಗವಿದೆ. ಇದಕ್ಕೆ ನಾನೇ ಕೊಳಗ. ವೃದ್ಧರು ಸ್ವತಃ ಬಾಯಿಬಿಟ್ಟು ಹೇಳಿದ ಸಹಾಯವನ್ನು ಮಾತ್ರ ಬರೆಯಬೇಕೆಂಬುದು ನಿಯಮ. ಸೊನ್ನೆ ಬಂದ ಊರುಗಳ ಹೆಸರನ್ನು ಕಚೇರಿಯ ಗೋಡೆಗೆ ಅಂಟಿಸುತ್ತಾರಂತೆ.

ಗುಂಡ್ಲುಪೇಟೆಯಲ್ಲಿ ಬಸ್ಸು ಬದಲಾಯಿಸಿ, ಬೇಗೂರಿನಲ್ಲಿಳಿದು, ಎರಡು ಮೈಲಿ ನಡೆದು ಒಂದು ಹಳ್ಳಿ ಸೇರಿದೆ. ಮೊದಲ ಜಗಲಿಯಲ್ಲೇ ಹಲ್ಲಿಲ್ಲದ ಪುಟ್ಟಮ್ಮ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಅಕ್ಕಪಕ್ಕದವರು ಏನು ಸಹಾಯ ಮಾಡುತ್ತಾರೆಂದು ಕೇಳಿದೆ.

"ನಂಗ್ಯಾಕ್ ಸಾಮಿ ಸಾಯ? ನಾನೇನ್ ಕೂತ್ಕಂಡ್ ಉಣ್ತಿದ್ದೀನಾ?"

"ನೀರು ಯಾರು ತರ್ತಾರೆ, ಅಜ್ಜಿ?"

"ಪಕ್ಕದ್ಮನೆ ಕೆಂಪಿ."

"ಅದು ಸಹಾಯ ಅಲ್ವೇ?"

"ಅದೆಂಗ್ ಸಾಯ ಆದದು? ಅವ್ಳ್ ಮಗೀನ ನಾನ್ ತೂಗಾಕಿಲ್ವಾ?"

ಸಾರು ಕೆಂಪಿಯ ಮನೆಯಿಂದ ಬರುತ್ತಿತ್ತು. ಅದೂ ಸಹಾಯವಲ್ಲ, ಇವಳ ಮನೆಯ ಉಪ್ಪಿನಕಾಯಿ ಅಲ್ಲಿಗೆ ಹೋಗುತ್ತಿತ್ತು. ಎದುರುಮನೆಯ ಮುದುಕ ಸಿದ್ದಪ್ಪನಿಗಂತೂ ನನ್ನ ಪ್ರಶ್ನೆಯಿಂದ ಸಿಟ್ಟೇ ಬಂತು. "ನನ್ ಕೈಲಾಗಾಕಿಲ್ಲ ಅಂತ ಯಾರ್ ಏಳುದ್ರು ನಿಮ್ಗೆ?" ಎಂದ. ಹೀಗೆ ಕೇಳುವಾಗ ಪಕ್ಕದ ಮನೆಯವನು ಅವನ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದ.

ಹನ್ನೊಂದು ಮನೆ ಸುತ್ತಿದರೂ ಸೊನ್ನೆ. ಕಣ್ಣೆದುರೇ ಇಷ್ಟೆಲ್ಲ ನಡೆಯುತ್ತಿರುವ ಊರಿಗೆ ನನ್ನ ಕೈಯಾರೆ ನಿರ್ದಯಿಗಳೆಂಬ ಹೆಸರು ತರಬೇಕಲ್ಲ ಎಂಬ ಚಿಂತೆ ಹತ್ತಿತು. ಬಿಸಿಲೂ ಸೇರಿ ಕಣ್ಣು ಕತ್ತಲೆಗಟ್ಟಿ ಪುಟ್ಟಮ್ಮನ ಜಗಲಿಯ ಮೇಲೆ ಕುಸಿದೆ.

"ಕೆಂಪೀ, ಒಸಿ ಮಜ್ಜಿಗೆ ತತ್ತಾರಮ್ಮಿ, ಈ ಅಪ್ಪ ಬಾಡೋಗವ್ನೆ. ವಯಸ್ಸಾದೋರ್ನ ಇಂಗ್ ಬಿಸ್ಲಲ್ಲಿ ಅಲೆಸ್ತಾರಲ್ಲ, ಅವರ್ಗೇನ್ ಕರುಣೆ ಇಲ್ವಾ" ಎಂದಳು ಪುಟ್ಟಮ್ಮ. ಮಜ್ಜಿಗೆ ಬಂತು, ಚಾಪೆ ಬಂತು. ಮುದ್ದೆಯನ್ನು ಅವರೆಕಾಳಿನ ಸಾರಿನಲ್ಲಿ ಮೆತ್ತಗೆ ಕಿವುಚಿ ಕೊಟ್ಟರು. ನನ್ನ ಹಲ್ಲಿನ ಮೇಲೆ ಯಾರಿಗೂ ನಂಬಿಕೆ ಇದ್ದಂತಿಲ್ಲ. ಸಿದ್ದಪ್ಪನೇ ಗಾಡಿ ಕಟ್ಟಿಸಿ, "ಮೆಲ್ಲಗತ್ತು, ಕಾಲ್ ಜಾರೀತು" ಎಂದು ರಟ್ಟೆ ಹಿಡಿದು ಹತ್ತಿಸಿದ. ನಾಚಿಕೆಯೂ ಆಯಿತು, ಆದರೆ ಅಷ್ಟು ನೆಮ್ಮದಿ ನನಗೆ ಬಹಳ ದಿನದಿಂದ ಸಿಕ್ಕಿರಲಿಲ್ಲ.

ಗಾಡಿಯಲ್ಲೇ ನಮೂನೆ ತುಂಬಿದೆ. ಸಹಾಯ ಪಡೆದವರು: ಒಬ್ಬರು. ಊಟ, ಮಜ್ಜಿಗೆ, ಹಾಸಿಗೆ, ವಾಹನ: ಎಲ್ಲವೂ ಕೇಳದೆಯೇ. ವೃದ್ಧರು ಬಾಯಿಬಿಟ್ಟು ಹೇಳಿದ್ದಾರೆ. ವಯಸ್ಸಿನ ಜಾಗದಲ್ಲಿ ಮಾತ್ರ ಗಾಡಿ ಕುಲುಕಿ ಶಾಯಿ ಚೆಲ್ಲಿತು.

ಮಾರನೆಯ ದಿನ ಸಾಹೇಬರು ಓದಿ ತಲೆದೂಗಿ ಪೂರ್ಣ ಅಂಕ ಕೊಟ್ಟರು. "ಪುಣ್ಯವಂತ ಮುದುಕ ಕಣ್ರೀ. ಒಂದು ಸಲ ನೋಡಬೇಕು ಆತನ್ನ" ಎಂದರು. ನಾನು ಅವರ ಎದುರಿಗೇ, ಬೆಳಕಿಗೆ ಮುಖಮಾಡಿ, ಸಾಧ್ಯವಾದಷ್ಟೂ ನೆಟ್ಟಗೆ ನಿಂತುಕೊಂಡೆ.