ಪ್ರೊಫೆಸರರ ಮನೆತನ ವಿಚಾರಿಸಿದ್ದು

ಅಪ್ಪನಿಗೊಂದು ಅಭ್ಯಾಸ. ಮುಖ್ಯವಾದದ್ದು ಏನೇ ಕೇಳಿದರೂ ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಮತ್ತೆ ಏರಿಸಿಕೊಂಡು, 'ಹಿರೇರನ್ನ ಒಂದ್ಮಾತು ಕೇಳೋಣ' ಎನ್ನುತ್ತಾರೆ. ಹಾಗಾಗಿಯೇ ನಮ್ಮ ಮನೆಯಲ್ಲಿ ನಗುವ ಪ್ರಸಂಗಗಳಿಗೆ ಬರವಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ಮೇಲಿನ ಓದಿಗೆ ನನಗೆ ಮೂರು ಕಡೆಯಿಂದ ಸೀಟು ಬಂತು. ಅಮೆರಿಕದ ಒಂದು ಬಿಸಿಲೂರು, ಅಲ್ಲಿಯದೇ ಒಂದು ಹಿಮದೂರು, ಮೂರನೆಯದು ಇಂಗ್ಲೆಂಡು. ನನ್ನ ಮನಸ್ಸಿದ್ದದ್ದು ಹಿಮದೂರಿನ ಮೇಲೆ. ಮಣ್ಣಿನ ಬಗ್ಗೆ ನಾನು ಕಲಿಯಬೇಕೆಂದಿದ್ದನ್ನು ಕಲಿಸುವ ಪ್ರೊಫೆಸರರು ಅಲ್ಲಿದ್ದರು. ಆದರೆ ಕಾನ್ವೆಂಟಿನಲ್ಲಿ ಓದಿದ ನನಗೆ ಹಿರಿಯರೆದುರು 'ನನಗಿದು ಬೇಕು' ಎಂದು ಕನ್ನಡದಲ್ಲಿ ಹೇಳಿ ರೂಢಿಯಿರಲಿಲ್ಲ. ಅವರಿಗೂ ಕೇಳಿ ರೂಢಿಯಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಹೆಣ್ಣಿಗೆ ಸಂಬಂಧ ನೋಡುವ ಪದ್ಧತಿ. ಅದನ್ನೇ ಹಿಡಿದರು.

೧. ಸಿರುಗುಪ್ಪದ ಮಾವ

ಬಳ್ಳಾರಿಯ ನಮ್ಮ ಮನೆಗೆ ಮೊದಲು ಬಂದವರು ಅಮ್ಮನ ಅಣ್ಣ, ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇಟ್ಟವರು. ಹುಡುಗಿ ಓದುವುದು ಮಣ್ಣನ್ನು ಎಂದು ತಿಳಿದು ಚಹಾದ ಬಸಿ ಕೈಗೆತ್ತಿಕೊಂಡರು. ನಮ್ಮ ಗದ್ದೆಯಲ್ಲಿ ಮೊಣಕಾಲುಮಟ ಮಣ್ಣಿರುವಾಗ ಅಷ್ಟು ದೂರ ಯಾಕೆ ಎಂದು ಅಮ್ಮನನ್ನು ಕೇಳಿದರು. ಆಮೇಲೆ ಬಿಸಿಲೂರಿನ ಹವಾ ವಿಚಾರಿಸಿದರು. ಬೇಸಿಗೆ ನಮ್ಮಷ್ಟೇ, ಮಳೆ ಕಡಿಮೆ, ಸುತ್ತಲೂ ಬರೀ ಕಲ್ಲುಗುಡ್ಡ ಎಂದು ಅಪ್ಪ ಓದಿ ಹೇಳಿದರು.

ಮಾವ ಚಹಾದ ಬಸಿ ಕೆಳಗಿಟ್ಟರು. 'ಬಳ್ಳಾರಿ ಬಿಟ್ಟು ಇನ್ನೊಂದು ಬಳ್ಳಾರಿಗೆ ವಿಮಾನದಾಗ ಹೋಗಬೇಕೇನ್ರಿ ಭಾವ?'

೨. ಕುರುಗೋಡಿನ ಅತ್ತೆ

ಉಳಿದ ಎರಡರಲ್ಲಿ ಒಂದನ್ನು ದೇವರೇ ಹೇಳಲಿ ಎಂದು ಅಪ್ಪನ ಅಕ್ಕ ನಮ್ಮನ್ನು ಕುರುಗೋಡಿಗೆ ಕರೆಸಿಕೊಂಡರು. ಬಸವಣ್ಣನ ಗುಡಿಯಲ್ಲಿ ಪೂಜಾರಿ ದೇವರ ಎಡಬಲಕ್ಕೆ ಒದ್ದೆ ಹೂವು ಅಂಟಿಸಿದರು. ಬಲಗಡೆಯದು ಬಿದ್ದರೆ ಹಿಮದೂರು, ಎಡಗಡೆಯದು ಬಿದ್ದರೆ ಇಂಗ್ಲೆಂಡು. ಎಡದ ಹೂವು ಬಿತ್ತು. ನನ್ನ ಎದೆಯಲ್ಲೂ ಏನೋ ಬಿತ್ತು.

ಅತ್ತೆಗೂ ಇಂಗ್ಲೆಂಡು ಬೇಡ. ಅವರ ಓಣಿಯ ಹುಡುಗನೊಬ್ಬ ಅಲ್ಲಿಗೆ ಹೋಗಿ ಬಂದು ಯಾರನ್ನೂ ಮಾತಾಡಿಸುತ್ತಿರಲಿಲ್ಲವಂತೆ. ಹೂವಿಗೆ ನೀರು ಹೆಚ್ಚಾಗಿತ್ತು ಎಂದು ಇನ್ನೊಮ್ಮೆ ಕೇಳಿಸಿದರು. ಮತ್ತೆ ಎಡ. ಗಾಳಿ ಬಂತು ಎಂದು ಬಾಗಿಲು ಮುಂದೆ ಮಾಡಿಸಿ ಕೇಳಿಸಿದರು. ಮತ್ತೂ ಎಡ. ನಾಲ್ಕನೇ ಸಲಕ್ಕೆ ತಾವೇ ಹೂವು ಆರಿಸಲು ಹೋದಾಗ ಪೂಜಾರಿ ಕೈ ಮುಗಿದರು.

'ದೇವರನ್ನ ಕೇಳಾಕ ಬಂದೀರೋ ಏನ್ ದೇವರಿಗೆ ಹೇಳಾಕ ಬಂದೀರೋ, ತಾಯಿ?'

೩. ಅಜ್ಜಿಯ ತೀರ್ಪು

ದೇವರ ಮಾತು ಮೀರುವುದು ಹೇಗೆಂದು ಮನೆಯಲ್ಲಿ ಚಿಂತೆ. ಅಜ್ಜಿಗೆ ಚಿಂತೆಯಿರಲಿಲ್ಲ. ಇಂಗ್ಲೆಂಡಿನವರು ನಮ್ಮನ್ನು ಆಳಿದವರಲ್ಲವೇ ಎಂದು ಕೇಳಿ ಖಾತ್ರಿ ಮಾಡಿಕೊಂಡರು. 'ನಮ್ಮನ್ನ ಅಷ್ಟು ವರ್ಷ ಕಾಡಿದೋರ ಮನಿಗೆ ಹೆಣ್ಣು ಕಳಸಾಕ ಬಸವಣ್ಣ ಹೂಂ ಅನ್ನಬಹುದು, ಅವ ದೇವರು. ನಾ ಅನ್ನಂಗಿಲ್ಲ.'

೪. ಪ್ರೊಫೆಸರರ ಕಾಗದ

ಉಳಿದದ್ದು ಹಿಮದೂರು. ಹಾಗಂತ ವಿಚಾರಿಸದೆ ಒಪ್ಪುವುದುಂಟೇ? ನಮ್ಮೂರ ಪಾರ್ವತಿನಗರದ ವಕೀಲರೊಬ್ಬರ ಅಳಿಯ ಅಮೆರಿಕದಲ್ಲಿ ಡಾಕ್ಟರು. ಒಮ್ಮೆ ಹೋಗಿ ನೋಡಿ ಬರಬೇಕೆಂದು ಅಪ್ಪ ಅವರಿಗೆ ಬರೆದರು. ಡಾಕ್ಟರು ನಮ್ಮ ಕಡೆಯವರೇ, ಅರ್ಧ ಕೆಲಸ ಮಾಡುವವರಲ್ಲ.

ಮುಂದೆ ಕಾಗದ ಬಂದದ್ದು ಪ್ರೊಫೆಸರರಿಂದಲೇ. ನಾನು ಓದಿ ಎಲ್ಲರಿಗೂ ಕನ್ನಡದಲ್ಲಿ ಹೇಳಿದೆ. ಭಾನುವಾರ ಒಬ್ಬ ಸಜ್ಜನರು ನಮ್ಮ ಮನೆಗೆ ಬಂದಿದ್ದರು, ಎಂದು ಬರೆದಿದ್ದರು ಪ್ರೊಫೆಸರರು. ಮನೆಯಲ್ಲಿ ಸಿಟ್ಟಿನವರು ಯಾರು, ನೀರಿಗೆ ತೊಂದರೆಯೇ, ಹಿಂದೆ ಕಲಿತ ಹುಡುಗಿಯರು ಈಗ ಎಲ್ಲಿದ್ದಾರೆ ಎಂದೆಲ್ಲ ಕೇಳಿದರು. ಅಡುಗೆಮನೆಯನ್ನೂ ನೋಡಿದರು. ನಾನು ಪಾಸಾದೆನೇ? ತಿಂಗಳ ಕೊನೆಯೊಳಗೆ ತಿಳಿಸಿದರೆ ಒಳ್ಳೆಯದು, ಸೀಟಿಗಾಗಿ ಇನ್ನೊಬ್ಬ ಹುಡುಗಿ ಕಾದಿದ್ದಾಳೆ.

ಮಾವ ನಕ್ಕರು. ಎಲ್ಲ ಸಂಬಂಧದಲ್ಲೂ ಹೀಗೇ ಹೆದರಿಸುತ್ತಾರಂತೆ. ಹೆಣ್ಣಿನ ಕಡೆಯವರು ಆತುರ ತೋರಿಸಬಾರದಂತೆ. ಶ್ರಾವಣ ಬರಲಿ, ನೋಡೋಣ. ಶ್ರಾವಣಕ್ಕೆ ಸೀಟು ಇರುವುದಿಲ್ಲ ಎಂದು ಅಲ್ಲಿ ಗೊತ್ತಿದ್ದವಳು ನಾನೊಬ್ಬಳೇ.

'ಅಪ್ಪಾ, ನನಗ ಮನಸೈತಿ. ನಾ ಅಲ್ಲಿಗೇ ಹೋಗ್ತೀನಿ.'

ಯಾರ ದನಿ ಎಂದು ಎಲ್ಲರೂ ಬಾಗಿಲ ಕಡೆ ನೋಡಿದರು. ಅಜ್ಜಿ ಮಾತ್ರ ನನ್ನ ಕಡೆ ನೋಡಿದರು. 'ಹುಡುಗೀನೇ ಒಪ್ಪಿದ ಮ್ಯಾಲೆ ನಿಮ್ಮದೇನ್ರೋ ನಡುವ?'

ಒಪ್ಪಿಗೆ ಬರೆಯುವಾಗ ಅಜ್ಜಿ ಪಕ್ಕದಲ್ಲೇ ಕುಳಿತು ಹೇಳಿದರು, ನಾನು ಇಂಗ್ಲಿಷಿಗಿಳಿಸಿದೆ. ಹುಡುಗಿಗೆ ಮಾತು ಕಡಿಮೆ, ಸೊಕ್ಕು ಅಂತ ತಿಳಿಯಬಾರದು. ರೊಟ್ಟಿ ಬಡಿಯಲು ಬರುವುದಿಲ್ಲ, ಕಲಿಯುತ್ತಾಳೆ. ಕಡೆಗೆ, ಹೆಣ್ಣುಮಕ್ಕಳು ಗಂಡನ ಮನೆಯಿಂದ ಬರುವ ಹಬ್ಬ ನೆನಪಾಯಿತು. 'ಪಂಚಮಿಗೆ ಹುಡುಗೀನ ತಪ್ಪದ ತವರಿಗೆ ಕಳಸಬೇಕು ಅಂತ ಬರಿ.' ಅದನ್ನೂ ಬರೆದೆ.

ಪ್ರೊಫೆಸರರ ಉತ್ತರ ಬಂತು. ಮಾತು ಕಡಿಮೆಯಿದ್ದರೆ ಬಹಳ ಸಂತೋಷ, ರೊಟ್ಟಿ ತಮಗೂ ಬರುವುದಿಲ್ಲ ಎಂದಿತ್ತು. ಪಂಚಮಿಯ ಮಾತು ಬರಲಿಲ್ಲವೆಂದು ಅಜ್ಜಿ ಎರಡು ಸಲ ಓದಿಸಿದರು. ಆಮೇಲೆ ಕಾಗದ ತಿರುವಿ ಹಿಂದಿನ ಮಗ್ಗುಲನ್ನೂ ಓದು ಎಂದರು.

ಅಲ್ಲಿ ಏನೂ ಬರೆದಿರಲಿಲ್ಲ.